ಗಿನಿ ಕೋಳಿ ಮೊಟ್ಟೆಗೆ ಕಾವು: 21 ದಿನದ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಪ್ರಶ್ನೆ: ಸರ್, ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ 48 ಮೊಟ್ಟೆ ಹಿಡಿಯುವ, ಫ್ಯಾನ್ ಇರುವ ಸಣ್ಣ ಇನ್‌ಕ್ಯುಬೇಟರ್ ಇದೆ. ನಾಟಿ ಕೋಳಿ ಮೊಟ್ಟೆ ಇಟ್ಟಾಗ ಮರಿಗಳು ಚೆನ್ನಾಗಿಯೇ ಬಂದಿದ್ದವು. ಏಪ್ರಿಲ್‌ನಲ್ಲಿ ಅಣ್ಣನ ಮನೆಯಿಂದ ಗಿನಿ ಕೋಳಿ ಮೊಟ್ಟೆ ತಂದು ಇಟ್ಟೆ. 21 ದಿನ ಆದರೂ ಒಂದೂ ಒಡೆಯಲಿಲ್ಲ. 22ನೇ ದಿನ ಎರಡನ್ನು ಒಡೆದು ನೋಡಿದೆ. ಒಳಗೆ ತುಪ್ಪಳ ಬಂದ ಮರಿ ಇತ್ತು, ಹೊಟ್ಟೆಗೆ ಹಳದಿ ಅಂಟಿಕೊಂಡಿತ್ತು, ಸ್ವಲ್ಪ ಮಿಸುಕಾಡಿದಂತೆಯೂ ಕಂಡಿತು. ಹೆದರಿ ಉಳಿದವನ್ನು ಹಾಗೇ ಬಿಟ್ಟೆ. 28ನೇ ದಿನಕ್ಕೆ ಮೂರು ಮರಿ ಬಂದವು. ಮಿಕ್ಕವು ಪೂರ್ತಿ ಬೆಳೆದು ಚಿಪ್ಪಿನೊಳಗೇ ಸತ್ತಿದ್ದವು, ಪೊರೆ ಮೈಗೆ ಒಣಗಿ ಅಂಟಿತ್ತು. ಮೆಷಿನ್ನಿನಲ್ಲಿ ತೇವಾಂಶ ನೂರಕ್ಕೆ 55 ಅಂತಲೇ ತೋರಿಸುತ್ತಿತ್ತು. ಅಣ್ಣ ಮತ್ತೆ 20 ಮೊಟ್ಟೆ ಕೊಡುತ್ತೇನೆ ಅಂದಿದ್ದಾನೆ. ಈ ಸಲ ಯಾವಾಗ ಇಡಬೇಕು, ಹೇಗೆ ನೋಡಿಕೊಳ್ಳಬೇಕು?

ಉತ್ತರ: ಮೊದಲು ಆ 22ನೇ ದಿನದ ವಿಷಯ. ನೀವು ಒಡೆದ ಮೊಟ್ಟೆಗಳಲ್ಲಿ ಏನೂ ಕೆಟ್ಟಿರಲಿಲ್ಲ. ಹೊಟ್ಟೆಯ ಹೊರಗೆ ಹಳದಿ ಅಂಟಿಕೊಂಡಿತ್ತು ಎಂದು ಬರೆದಿದ್ದೀರಲ್ಲ, ಆ ವಯಸ್ಸಿನ ಮರಿ ಇರಬೇಕಾದದ್ದೇ ಹಾಗೆ. ನಾಟಿ ಕೋಳಿಗೆ 21 ದಿನವಾದರೆ ಗಿನಿ ಕೋಳಿಗೆ 26ರಿಂದ 28 ದಿನ ಬೇಕು. ಕೊನೆಯ ಒಂದೆರಡು ದಿನಗಳಲ್ಲಿ ಆ ಹಳದಿ ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಹುಟ್ಟಿದ ಮರಿಗೆ ಮೊದಲ ಎರಡು ದಿನದ ಬುತ್ತಿ ಅದೇ. ಅಂದರೆ ನಿಮ್ಮ ಮೆಷಿನ್ನಿನ ಶಾಖ ಹೆಚ್ಚುಕಮ್ಮಿ ಸರಿಯಾಗಿಯೇ ಇತ್ತು, ಮೊಟ್ಟೆಗಳೂ ಒಳ್ಳೆಯವೇ ಆಗಿದ್ದವು. ಆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಾಟಿ ಕೋಳಿಯ ಲೆಕ್ಕ ಗೊತ್ತಿರುವವರು ಮೊದಲ ಸಲ ಗಿನಿ ಮೊಟ್ಟೆ ಇಟ್ಟಾಗ ಹೀಗಾಗುವುದು ಸಹಜ.

ದಿನ ಎಣಿಸುವುದನ್ನು ಒಂದು ಸಲ ಗಟ್ಟಿ ಮಾಡಿಕೊಳ್ಳಿ. ಇಟ್ಟ ದಿನ ಲೆಕ್ಕಕ್ಕಿಲ್ಲ, 24 ಗಂಟೆ ತುಂಬಿದ ಮೇಲೆ ಒಂದನೇ ದಿನ. ಭಾನುವಾರ ಸಂಜೆ ಇಟ್ಟರೆ ಮೂರು ವಾರ ಕಳೆದು ಬರುವ ಗುರುವಾರ ಸಂಜೆಗೆ 25 ದಿನ, ಶುಕ್ರವಾರಕ್ಕೆ 26, ಅದರ ಮುಂದಿನ ಭಾನುವಾರಕ್ಕೆ 28. ಕ್ಯಾಲೆಂಡರ್‌ನಲ್ಲಿ ಆ ಗುರುವಾರಕ್ಕೆ ಗುರುತು ಹಾಕಿಡಿ. ಯಾಕೆಂದು ಮುಂದೆ ಹೇಳುತ್ತೇನೆ.

ಈಗ ನಿಜವಾದ ತೊಂದರೆಗೆ ಬರೋಣ. ಪೂರ್ತಿ ಬೆಳೆದ ಮರಿ, ಮೈಗೆ ಒಣಗಿ ಅಂಟಿದ ಪೊರೆ: ಇದು ಪೆಟ್ಟಿಗೆಯೊಳಗಿನ ಗಾಳಿ ಒಣಗಿದ್ದರ ಗುರುತು. ಮೆಷಿನ್ನು 55 ತೋರಿಸುತ್ತಿತ್ತು ಎಂದಿದ್ದೀರಿ. ನಾನು ಆ ಅಂಕಿಯನ್ನು ನಂಬುವುದಿಲ್ಲ. ಸಣ್ಣ ಇನ್‌ಕ್ಯುಬೇಟರ್‌ಗಳ ತೇವಾಂಶದ ಮೀಟರ್ ಹತ್ತು, ಹದಿನೈದು ಅಂಕಿ ಅತ್ತಿತ್ತ ಇರುವುದು ಸಾಮಾನ್ಯ. ಮೀಟರನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬೇರೆಯಾಗಿ ಒಂದು ಸಣ್ಣ ತೇವಾಂಶದ ಮೀಟರ್ ತನ್ನಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಉಪ್ಪು ಕರಗದೆ ಬರೀ ಒದ್ದೆ ಮುದ್ದೆಯಾಗುವಷ್ಟು ನೀರು ಹನಿಸಿ. ಮುಚ್ಚಳ ಮತ್ತು ಮೀಟರ್ ಎರಡನ್ನೂ ಗಾಳಿಯಾಡದ ಜಿಪ್ ಕವರಿನಲ್ಲಿಟ್ಟು ಎಂಟು ಗಂಟೆ ಬಿಡಿ. ಆ ಕವರಿನೊಳಗೆ ತೇವಾಂಶ 75 ಇರುತ್ತದೆ. ಮೀಟರ್ 83 ತೋರಿಸಿದರೆ ಅದು ಎಂಟು ಹೆಚ್ಚು ಹೇಳುತ್ತಿದೆ ಎಂದು ಮೇಲೆ ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ.

ಶಾಖದ ಅಂಕಿಯನ್ನೂ ಹೀಗೇ ತಾಳೆ ನೋಡಿ. ಫ್ಯಾನ್ ಇರುವ ಮೆಷಿನ್ನಿಗೆ 37.5 ಡಿಗ್ರಿ ಸೆಲ್ಸಿಯಸ್ ಬೇಕು. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಈ ಸುತ್ತಿನ ಶಾಖದಲ್ಲಿ ನಿಖರವಾಗಿರುತ್ತದೆ. ಉಗುರುಬೆಚ್ಚಗಿನ ನೀರಿನ ಲೋಟದಲ್ಲಿ ಅದನ್ನೂ ಒಂದು ಬೇರೆ ಥರ್ಮಾಮೀಟರನ್ನೂ ಒಟ್ಟಿಗೆ ಅದ್ದಿ ವ್ಯತ್ಯಾಸ ನೋಡಿಕೊಳ್ಳಿ. ಆಮೇಲೆ ಆ ಬೇರೆ ಥರ್ಮಾಮೀಟರನ್ನು ಮೊಟ್ಟೆಯ ಎತ್ತರದಲ್ಲೇ ಇಟ್ಟು ನಾಲ್ಕೂ ಮೂಲೆ ಅಳೆಯಿರಿ. ಮೂಲೆಯಿಂದ ಮೂಲೆಗೆ ಒಂದು ಡಿಗ್ರಿ ವ್ಯತ್ಯಾಸ ಕಂಡರೆ ಮೊಟ್ಟೆಗಳ ಜಾಗವನ್ನು ದಿನಕ್ಕೊಮ್ಮೆ ಬದಲಿಸಿ. ಮೊಟ್ಟೆ ಇಡುವ ಮುಂಚೆ ಒಂದು ಪೂರ್ತಿ ದಿನ ಮೆಷಿನ್ನನ್ನು ಖಾಲಿ ಓಡಿಸಿ.

ತೇವಾಂಶದ ವಿಷಯದಲ್ಲಿ ನಮ್ಮ ಊರಿನ ಹವೆಯನ್ನು ಬಿಟ್ಟು ಮಾತಾಡಲಾಗುವುದಿಲ್ಲ. ಮೆಷಿನ್ನಿನ ಜೊತೆ ಬರುವ ಹಾಳೆಯಲ್ಲಿ "ತೊಟ್ಟಿಗೆ ಇಷ್ಟು ನೀರು ಹಾಕಿ" ಎಂದಿರುತ್ತದೆ. ಅದನ್ನು ಬರೆದವರಿಗೆ ಜಗಳೂರಿನ ಏಪ್ರಿಲ್ ಗೊತ್ತಿಲ್ಲ. ಬೇಸಿಗೆಯ ಮಧ್ಯಾಹ್ನ ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಹೊರಗಿನ ಗಾಳಿಯೇ ಕಾವು ಪೆಟ್ಟಿಗೆಯಷ್ಟು ಬಿಸಿ, ತೇವ ಮಾತ್ರ ತೀರಾ ಕಡಿಮೆ. ಚಳಿಗಾಲದ ರಾತ್ರಿಯೂ ಮೋಸ ಮಾಡುತ್ತದೆ. ಕೋಣೆಯಲ್ಲಿ 18 ಡಿಗ್ರಿ ಶಾಖ, 60 ತೇವಾಂಶ ಇರುವ ಗಾಳಿಯನ್ನು 37.5 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ 20ರ ಆಸುಪಾಸಿಗೆ ಇಳಿಯುತ್ತದೆ. ಮಳೆಗಾಲದ್ದು ಬೇರೆಯೇ ಲೆಕ್ಕ. ಜುಲೈನಲ್ಲಿ 28 ಡಿಗ್ರಿ, 80 ತೇವಾಂಶದ ಗಾಳಿ ಪೆಟ್ಟಿಗೆಯೊಳಗೆ ಹೋದಾಗ ತಾನಾಗಿಯೇ 47ರ ಹತ್ತಿರ ನಿಲ್ಲುತ್ತದೆ. ಆಗ ತೊಟ್ಟಿಗೆ ನೀರೇ ಹಾಕದಿದ್ದರೂ ಮೊದಲ 25 ದಿನ ನಡೆಯುತ್ತದೆ. ಗಿನಿ ಕೋಳಿಗೆ ಆ ದಿನಗಳಲ್ಲಿ ಬೇಕಾದದ್ದು 45ರಿಂದ 55, ಕೊನೆಯ ಮೂರು ದಿನ ಮಾತ್ರ 65ರಿಂದ 70. ಒಂದೇ ಮೆಷಿನ್, ಒಂದೇ ಅಳತೆಯ ನೀರು. ಏಪ್ರಿಲ್‌ನಲ್ಲಿ ಮರಿ ಒಣಗುತ್ತದೆ, ಜುಲೈನಲ್ಲಿ ಮೊಟ್ಟೆಯೊಳಗೇ ನೀರು ನಿಂತು ಉಸಿರುಗಟ್ಟುತ್ತದೆ.

ಹಾಗಾದರೆ ಏನನ್ನು ನಂಬುವುದು? ಮೊಟ್ಟೆಯನ್ನೇ ನಂಬಿ. ಕಾವಿನಲ್ಲಿರುವ ಮೊಟ್ಟೆ ದಿನವೂ ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ಸ್ವಲ್ಪ ಸ್ವಲ್ಪ ನೀರು ಕಳೆದುಕೊಳ್ಳುತ್ತದೆ. ಕಳೆದುಕೊಳ್ಳಲೂಬೇಕು. ಆ ಜಾಗದಲ್ಲಿ ದಪ್ಪ ತುದಿಯ ಕಡೆ ಗಾಳಿ ತುಂಬಿ ಗಾಳಿ ಚೀಲ ದೊಡ್ಡದಾಗುತ್ತದೆ. ಮರಿ ಚಿಪ್ಪು ಒಡೆಯುವ ಮುಂಚೆ ಮೊದಲ ಉಸಿರು ತೆಗೆದುಕೊಳ್ಳುವುದು ಆ ಗಾಳಿಯನ್ನೇ. 24 ದಿನದ ಹೊತ್ತಿಗೆ ಮೊಟ್ಟೆ ತನ್ನ ತೂಕದಲ್ಲಿ ಸುಮಾರು ನೂರಕ್ಕೆ 12 ಪಾಲು ಇಳಿದಿರಬೇಕು.

ಇದನ್ನು ಅಳೆಯಲು ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಗಿನಿ ಮೊಟ್ಟೆ ಸುಮಾರು 40 ಗ್ರಾಂ ತೂಗುತ್ತದೆ. ಹತ್ತು ಮೊಟ್ಟೆ ಒಟ್ಟಿಗೆ ತೂಗಿದಾಗ 400 ಗ್ರಾಂ ಬಂತು ಎಂದುಕೊಳ್ಳಿ. ದಿನಕ್ಕೆ 2 ಗ್ರಾಂ ಇಳಿಯುವುದು ಸರಿಯಾದ ನಡೆ. 7ನೇ ದಿನಕ್ಕೆ 386, 14ಕ್ಕೆ 372, 21ಕ್ಕೆ 358, 24ಕ್ಕೆ 352. ಏಳನೇ ದಿನಕ್ಕೇ 380ಕ್ಕೆ ಇಳಿದಿದ್ದರೆ ಗಾಳಿ ಒಣಗಿದೆ, ನೀರಿನ ಹರವು ಹೆಚ್ಚಿಸಿ. 392ರಲ್ಲೇ ನಿಂತಿದ್ದರೆ ತೇವ ಹೆಚ್ಚಾಗಿದೆ, ನೀರು ಕಡಿಮೆ ಮಾಡಿ. ವಾರಕ್ಕೊಮ್ಮೆ ನೋಡಿ ತಿದ್ದಿಕೊಂಡರೆ ಮುಂದಿನ ವಾರ ಸರಿಹೋಗುತ್ತದೆ. ಪ್ರತಿ ಮೊಟ್ಟೆಯ ಮೇಲೂ ಅದರ ಮೊದಲ ತೂಕವನ್ನು ಪೆನ್ಸಿಲ್‌ನಲ್ಲಿ ಬರೆದಿಡಿ. ನಡುವೆ ಗೊಡ್ಡು ಮೊಟ್ಟೆ ತೆಗೆದರೂ ಲೆಕ್ಕ ತಪ್ಪುವುದಿಲ್ಲ.

ನೀರು ಹೆಚ್ಚಿಸುವುದು ಎಂದರೆ ತೊಟ್ಟಿಯನ್ನು ಆಳವಾಗಿ ತುಂಬುವುದಲ್ಲ. ಆವಿ ಏಳುವುದು ನೀರಿನ ಮೇಲ್ಮೈಯಿಂದ. ಅಗಲವಾದ ತಟ್ಟೆ ಇಡಿ, ಇಲ್ಲವೇ ತೊಟ್ಟಿಯಲ್ಲಿ ಒಂದು ಸ್ಪಂಜು ನಿಲ್ಲಿಸಿ. ನಿಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಹೆಚ್ಚು, ಸ್ಪಂಜು ಬೇಗ ಬಿಳಿಚಿಕೊಂಡು ಗಟ್ಟಿಯಾಗುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರನ್ನೇ ಉಗುರುಬೆಚ್ಚಗೆ ಮಾಡಿ ಹಾಕಿ. ತಣ್ಣೀರು ಸುರಿದರೆ ಪೆಟ್ಟಿಗೆಯ ಶಾಖ ಇಳಿಯುತ್ತದೆ.

ತೂಕದ ಜೊತೆಗೆ ಟಾರ್ಚ್ ಹಿಡಿದು ಒಳಗನ್ನೂ ನೋಡಿ. ಗಿನಿ ಮೊಟ್ಟೆಯ ಚಿಪ್ಪು ದಪ್ಪ, ಕಂದು ಬಣ್ಣ, ಮೇಲೆ ಸಣ್ಣ ಚುಕ್ಕೆಗಳು. ಮೊಬೈಲ್ ಟಾರ್ಚಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಒಳ್ಳೆಯ ಎಲ್‌ಇಡಿ ಟಾರ್ಚ್ ಬೇಕು, ಕೋಣೆ ಪೂರ್ತಿ ಕತ್ತಲಿರಬೇಕು. ನಾಟಿ ಕೋಳಿಯಂತೆ ಐದನೇ ದಿನ ನೋಡಲು ಹೋಗಬೇಡಿ, ಹತ್ತನೇ ದಿನದವರೆಗೆ ಕಾಯಿರಿ. ದಪ್ಪ ತುದಿಗೆ ಟಾರ್ಚ್ ಒತ್ತಿ ಹಿಡಿದು ಮೊಟ್ಟೆಯನ್ನು ನಿಧಾನವಾಗಿ ತಿರುಗಿಸಿ. ಜೀವ ಇರುವ ಮೊಟ್ಟೆಯಲ್ಲಿ ಕಪ್ಪು ನೆರಳು, ಅದರ ಅಂಚಿನಲ್ಲಿ ಕೆಂಪು ನರಗಳು, ಮೇಲೆ ಗಾಳಿ ಚೀಲದ ಸ್ಪಷ್ಟ ಗೆರೆ ಕಾಣುತ್ತದೆ. ಗೊಡ್ಡು ಮೊಟ್ಟೆ ಒಂದೇ ಸಮನೆ ಹಳದಿಯಾಗಿ ಬೆಳಗುತ್ತದೆ. ನರಗಳಿಲ್ಲದೆ ಬರೀ ಒಂದು ರಕ್ತದ ಉಂಗುರ ಕಂಡರೆ ಅದು ಶುರುವಿನಲ್ಲೇ ಸತ್ತದ್ದು. ಅನುಮಾನ ಇದ್ದರೆ ತೆಗೆಯಬೇಡಿ, ವಾಸನೆ ಬಂದರೆ ಮಾತ್ರ ತಕ್ಷಣ ತೆಗೆಯಿರಿ. ಗಾಳಿ ಚೀಲದ ಗೆರೆಯನ್ನು ಪೆನ್ಸಿಲ್‌ನಲ್ಲಿ ಚಿಪ್ಪಿನ ಮೇಲೆ ಎಳೆದು ಪಕ್ಕದಲ್ಲಿ ದಿನ ಬರೆಯಿರಿ. 10, 17, 24ನೇ ದಿನದ ಮೂರು ಗೆರೆಗಳು ಒಂದರ ಕೆಳಗೊಂದು ಇಳಿಯುತ್ತಾ ಬಂದಿರಬೇಕು.

ಯಾವಾಗ ಇಡಬೇಕು ಎಂದು ಕೇಳಿದ್ದೀರಿ. ಗಿನಿ ಕೋಳಿ ಬೇಸಿಗೆಯಿಂದ ಮಳೆಗಾಲ ಮುಗಿಯುವವರೆಗೂ ಮೊಟ್ಟೆ ಇಡುತ್ತದೆ, ಅವಸರ ಬೇಡ. ನಿಮಗೆ ನನ್ನ ಸಲಹೆ ರೋಹಿಣಿ ಮಳೆ ಬಿದ್ದ ಮೇಲೆ. ಇನ್‌ಕ್ಯುಬೇಟರ್‌ಗೆ ಕಾಯಿಸಲು ಬರುತ್ತದೆ, ತಣ್ಣಗೆ ಮಾಡಲು ಬರುವುದಿಲ್ಲ. ತಗಡಿನ ಸೂರಿನ ಕೋಣೆ 39, 40 ಡಿಗ್ರಿಗೆ ಏರಿದರೆ ಪೆಟ್ಟಿಗೆ ಅದರ ಹಿಂದೆಯೇ ಏರುತ್ತದೆ. ಶಾಖ ಎರಡು ಡಿಗ್ರಿ ಇಳಿದರೆ ಮರಿ ತಡವಾಗಿ ಬರಬಹುದು, ಎರಡು ಡಿಗ್ರಿ ಏರಿ ಅಲ್ಲೇ ನಿಂತರೆ ಸಾಯುತ್ತದೆ. ಮನೆಯಲ್ಲಿ ಮಣ್ಣಿನ ಚಾವಣಿಯ ಹಳೆಯ ಮಾಳಿಗೆ ಕೋಣೆ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ದಪ್ಪ ಮಣ್ಣಿನ ಗೋಡೆ ಹಗಲು ರಾತ್ರಿಯ ಶಾಖವನ್ನು ಹೆಚ್ಚು ಏರಿಳಿಯಲು ಬಿಡುವುದಿಲ್ಲ.

ಅಣ್ಣ ಮೊಟ್ಟೆ ಕೂಡಿಡುವ ದಿನಗಳೂ ಮುಖ್ಯ. ಏಳು ದಿನಕ್ಕಿಂತ ಹಳೆಯ ಮೊಟ್ಟೆ ಬೇಡ. ಗಿನಿ ಕೋಳಿ ಬೇಲಿ ಸಂದಿಯಲ್ಲಿ, ಮೆಕ್ಕೆಜೋಳದ ಹೊಲದಲ್ಲಿ ಕದ್ದು ಗೂಡು ಮಾಡುತ್ತದೆ. ಒಂದೇ ಗೂಡಿನಲ್ಲಿ ಎರಡು ಮೂರು ಕೋಳಿ ಇಡುವುದೂ ಉಂಟು. ಹೊಸದಾಗಿ ಸಿಕ್ಕ ಗೂಡಿನ ಮೊಟ್ಟೆಗಳಲ್ಲಿ ಯಾವುದು ಎಷ್ಟು ಹಳೆಯದೆಂದು ಯಾರೂ ಹೇಳಲಾರರು, ಅವನ್ನು ಅಡುಗೆಗೂ ಕಾವಿಗೂ ಬಳಸದಿರುವುದೇ ಒಳ್ಳೆಯದು. ಗೊತ್ತಿರುವ ಗೂಡಿನಿಂದ ದಿನವೂ ತೆಗೆದು ತಾರೀಕು ಬರೆಯಲು ಹೇಳಿ. 25 ಡಿಗ್ರಿ ದಾಟಿದ ಕೋಣೆಯಲ್ಲಿ ಮೊಟ್ಟೆಯೊಳಗೆ ಅರೆಬರೆ ಬೆಳವಣಿಗೆ ಶುರುವಾಗಿ ಜೀವ ದುರ್ಬಲವಾಗುತ್ತದೆ. ಫ್ರಿಜ್ಜಿನ 4 ಡಿಗ್ರಿ ಅತಿ ತಂಪು. ನಮ್ಮ ಒಣ ಹವೆಗೆ ಹೇಳಿ ಮಾಡಿಸಿದ ಉಪಾಯ ಮಣ್ಣಿನ ಮಡಕೆ. ಅಗಲ ಮಡಕೆಯಲ್ಲಿ ಮರಳು ತುಂಬಿ, ನಡುವೆ ಸಣ್ಣ ಮಡಕೆ ಹೂತು, ಮರಳನ್ನು ಒದ್ದೆ ಇಟ್ಟರೆ ಒಳಗಿನ ಮಡಕೆ ಕೋಣೆಗಿಂತ ಎಷ್ಟೋ ತಂಪಾಗಿರುತ್ತದೆ. ಅದರಲ್ಲಿ ಒಣ ಹೊಟ್ಟಿನ ಮೇಲೆ ಮೊಟ್ಟೆಗಳನ್ನು ಚೂಪು ತುದಿ ಕೆಳಗೆ ಮಾಡಿ ಇಡಲಿ. ಮೊಟ್ಟೆ ತೊಳೆಯಬಾರದು, ಮಣ್ಣಿದ್ದರೆ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬಸ್ಸಿನಲ್ಲೋ ಬೈಕಿನಲ್ಲೋ ಅಲುಗಾಡಿ ಬಂದ ಮೊಟ್ಟೆಯನ್ನು ಒಂದು ರಾತ್ರಿ ಹಾಗೇ ನಿಲ್ಲಿಸಿ, ಆಮೇಲೆ ಮೆಷಿನ್ನಿಗೆ ಇಡಿ.

ಹೊರಳಿಸುವುದು ನಿಮಗೆ ಗೊತ್ತಿರುವ ಕೆಲಸವೇ, ಕೈಯಲ್ಲಾದರೆ ದಿನಕ್ಕೆ ಮೂರು ಅಥವಾ ಐದು ಸಲ. ತಾನಾಗಿ ಹೊರಳಿಸುವ ಟ್ರೇ ಇದ್ದರೆ ಒಂದು ಎಚ್ಚರಿಕೆ. ಅದರ ಗುಂಡಿಗಳು ಕೋಳಿ ಮೊಟ್ಟೆಯ ಅಳತೆಯವು, ಗಿನಿ ಮೊಟ್ಟೆ ಅದರಲ್ಲಿ ಸಡಿಲವಾಗಿ ಬೀಳುತ್ತದೆ. ಪಕ್ಕಕ್ಕೆ ಸ್ಪಂಜಿನ ಚೂರು ಸಿಕ್ಕಿಸಿ.

ಕರೆಂಟ್ ಹೋದರೆ ಗಾಬರಿಯಾಗಿ ಮುಚ್ಚಳ ತೆಗೆಯಬೇಡಿ. ಗಾಳಿ ಕಿಂಡಿ ಬಿಟ್ಟು ಉಳಿದ ಭಾಗಕ್ಕೆ ಕಂಬಳಿ ಹೊದಿಸಿ. ಚಳ್ಳಕೆರೆ ಕಡೆಯ ದಪ್ಪ ಕಂಬಳಿ ಇದ್ದರೆ ಎರಡು ಮೂರು ಗಂಟೆಗೆ ಏನೂ ಆಗುವುದಿಲ್ಲ. ಅದಕ್ಕೂ ಹೆಚ್ಚಾದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಮೊಟ್ಟೆಗೆ ತಾಗದಂತೆ ಒಳಗಿಡಿ. ಕೊನೆಯ ವಾರದಲ್ಲಿ ಮರಿಗಳಿಗೆ ತಮ್ಮದೇ ಮೈಶಾಖವಿರುತ್ತದೆ, ಆಗ ಅವಕ್ಕೆ ಗಾಳಿಯೇ ಹೆಚ್ಚು ಬೇಕು. ಕಿಂಡಿ ಮುಚ್ಚಲೇಬಾರದು.

ಈಗ ಆ ಗುರುವಾರ, 25ನೇ ದಿನ. ಹೊರಳಿಸುವುದನ್ನು ನಿಲ್ಲಿಸಿ, ಟ್ರೇ ತೆಗೆದುಬಿಡಿ. ತಳಕ್ಕೆ ಕಾಲು ಜಾರದ ರಬ್ಬರ್ ಮ್ಯಾಟ್ ಹಾಸಿ ಮೊಟ್ಟೆಗಳನ್ನು ಅಡ್ಡ ಮಲಗಿಸಿ. ತೇವಾಂಶ 65ಕ್ಕೆ ಏರಿಸಿ, ಕಿಂಡಿ ಪೂರ್ತಿ ತೆರೆಯಿರಿ. ಆಮೇಲೆ ಮುಚ್ಚಳ ಮುಟ್ಟಬೇಡಿ. ಕಳೆದ ಸಲ ನಿಮ್ಮ ಮರಿಗಳು ಸೋತದ್ದು ಇಲ್ಲೇ. ಮರಿ ಮೊದಲು ಒಳಪೊರೆ ಚುಚ್ಚಿ ಗಾಳಿ ಚೀಲದಲ್ಲಿ ಉಸಿರಾಡುತ್ತದೆ, ಆಗಲೇ ಒಳಗಿನಿಂದ ಚಿಂವ್‌ಗುಟ್ಟುವುದು ಕೇಳುತ್ತದೆ. ಅರ್ಧ ದಿನದಿಂದ ಒಂದು ದಿನದ ನಂತರ ಚಿಪ್ಪಿನಲ್ಲಿ ಸಣ್ಣ ತೂತು ಬೀಳುತ್ತದೆ. ಅಲ್ಲಿಂದ ಮತ್ತೆ ಗಂಟೆಗಟ್ಟಲೆ ಏನೂ ನಡೆಯದಂತೆ ಕಾಣುತ್ತದೆ. ಮರಿ ಸುಮ್ಮನಿಲ್ಲ, ಪೊರೆಯ ನರಗಳಲ್ಲಿ ಉಳಿದ ರಕ್ತವನ್ನೂ ಹಳದಿಯನ್ನೂ ಒಳಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಆ ಹೊತ್ತಿನಲ್ಲಿ ಸಹಾಯ ಮಾಡಲು ಹೋಗಿ ಚಿಪ್ಪು ಕಿತ್ತರೆ ರಕ್ತ ಸೋರಿ ಸಾಯುತ್ತದೆ. ನೋಡಲೆಂದು ಮುಚ್ಚಳ ತೆರೆದರೆ ಒಣಗಾಳಿ ನುಗ್ಗಿ ತೂತಿನ ಸುತ್ತಲಿನ ಪೊರೆ ಬಿಗಿದು ಮರಿಗೆ ತಿರುಗಲು ಜಾಗವಿಲ್ಲದಂತಾಗುತ್ತದೆ. ಇನ್ನೊಂದು ಮೊಟ್ಟೆಗೆ ತೂತು ಬಿದ್ದಿದ್ದರೆ, ಆಗಲೇ ಹೊರಬಂದ ಮರಿ ಎಷ್ಟೇ ಕೂಗಿದರೂ ಅಲ್ಲೇ ಇರಲಿ. 24 ಗಂಟೆ ಅನ್ನ ನೀರಿಲ್ಲದೆ ಅದು ಧಾರಾಳವಾಗಿ ಇರಬಲ್ಲದು. 28ರ ನಂತರವೂ ಒಂದು ದಿನ ನೋಡಿ, ತಡವಾಗಿ ಬರುವವೂ ಇರುತ್ತವೆ.

ಅಣ್ಣನಿಗೊಂದು ಮಾತು ತಲುಪಿಸಿ. ನಮ್ಮದು ಮೆಕ್ಕೆಜೋಳದ ಸೀಮೆ, ಕೋಳಿಗೂ ಅದನ್ನೇ ಎರಚುವುದು ರೂಢಿ. ಬರೀ ಜೋಳ ತಿಂದ ಕೋಳಿಯ ಮೊಟ್ಟೆಯಲ್ಲಿ ವಿಟಮಿನ್ ಕೊರತೆಯಾಗಿ, ಮುಖ್ಯವಾಗಿ ರೈಬೋಫ್ಲೇವಿನ್ ಇಲ್ಲದೆ, ಮರಿ ನಡುವಿನಲ್ಲೇ ಸಾಯುತ್ತದೆ, ಇಲ್ಲವೇ ಬೆರಳು ಸುರುಟಿಕೊಂಡು ಹುಟ್ಟುತ್ತದೆ. ಮೊಟ್ಟೆ ಕೂಡಿಡುವ ಎರಡು ಮೂರು ವಾರ ಮುಂಚಿನಿಂದ ಮೊಟ್ಟೆ ಕೋಳಿ ಫೀಡ್, ಜೊತೆಗೆ ನುಗ್ಗೆ ಸೊಪ್ಪು ಅಥವಾ ಕುದುರೆ ಮೆಂತೆ ಕೊಡಲಿ. ನಾಲ್ಕೈದು ಹೆಣ್ಣಿಗೆ ಒಂದು ಗಂಡು ಇರಲಿ. ಫೀಡಿನ ಬಗ್ಗೆ ಗೊಂದಲವಿದ್ದರೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ಅಥವಾ ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ.

ಕೊನೆಯದಾಗಿ, 20 ಮೊಟ್ಟೆಯನ್ನೂ ಮೆಷಿನ್ನಿಗೆ ಇಡಬೇಡಿ. ಮನೆಯಲ್ಲಿ ಕಾವಿಗೆ ಬಿದ್ದ ನಾಟಿ ಹ್ಯಾಟೆ ಇದ್ದರೆ ಹತ್ತನ್ನು ಅದರ ಕೆಳಗೆ, ಹತ್ತನ್ನು ಮೆಷಿನ್ನಿನಲ್ಲಿ, ಒಂದೇ ಸಂಜೆ ಇಡಿ. ದೊಡ್ಡ ಹ್ಯಾಟೆ ಹದಿನೈದರವರೆಗೂ ಕೂರಬಲ್ಲದು, ಹತ್ತು ಕಷ್ಟವಲ್ಲ. ಒಂದು ವಾರ ಹೆಚ್ಚು ಕೂರಬೇಕಾಗುವುದರಿಂದ ಕಾಳು ನೀರು ಹತ್ತಿರವೇ ಇಡಿ, ಕೂರಿಸುವ ಮುಂಚೆ ಹೇನು ನೋಡಿಕೊಳ್ಳಿ. 17ನೇ ದಿನ ರಾತ್ರಿ ಹ್ಯಾಟೆಯ ಕೆಳಗಿನ ಎರಡು ಮೊಟ್ಟೆ, ಮೆಷಿನ್ನಿನ ಎರಡು ಮೊಟ್ಟೆ ತೆಗೆದು ಪಕ್ಕಪಕ್ಕ ಟಾರ್ಚ್ ಹಿಡಿಯಿರಿ. ಮೆಷಿನ್ನಿನ ಮೊಟ್ಟೆಯಲ್ಲಿ ಗಾಳಿ ಚೀಲ ಹ್ಯಾಟೆಯದಕ್ಕಿಂತ ದೊಡ್ಡದಿದ್ದರೆ ನೀರು ಹೆಚ್ಚಿಸಿ, ಸಣ್ಣದಿದ್ದರೆ ಕಡಿಮೆ ಮಾಡಿ.

ಮರಿಗಳು ಬಂದ ರಾತ್ರಿ, ಮೆಷಿನ್ನಿನ ಮರಿಗಳು ಒಣಗಿದ ಮೇಲೆ ಕತ್ತಲಲ್ಲೇ ಅವನ್ನೂ ಹ್ಯಾಟೆಯ ರೆಕ್ಕೆ ಕೆಳಗೆ ಸೇರಿಸಿ. ಬಹುತೇಕ ಹ್ಯಾಟೆಗಳು ಒಪ್ಪಿಕೊಳ್ಳುತ್ತವೆ. ಅದರ ಹಿಂದೆ ಬೆಳೆದ ಗಿನಿ ಮರಿಗಳು ಸಂಜೆಗೆ ಗೂಡಿಗೆ ಬರುವುದನ್ನೂ ಕಲಿಯುತ್ತವೆ. ಒಪ್ಪದಿದ್ದರೆ ಬಲ್ಬಿನ ಪೆಟ್ಟಿಗೆ ತಯಾರಿರಲಿ, ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ನೆಲಕ್ಕೆ ನ್ಯೂಸ್‌ಪೇಪರ್ ಹಾಸಿದರೆ ಕಾಲು ಜಾರಿ ಅಗಲಿಸಿಕೊಳ್ಳುತ್ತವೆ, ಗೋಣಿ ತಟ್ಟು ಹಾಸಿ. ಫೀಡಿನಲ್ಲಿ ಪ್ರೋಟೀನ್ ನೂರಕ್ಕೆ 24ಕ್ಕಿಂತ ಕಡಿಮೆ ಇರಬಾರದು. ಬ್ರಾಯ್ಲರ್ ಪ್ರಿ-ಸ್ಟಾರ್ಟರ್ ಜೊತೆ ಬೇಯಿಸಿದ ಮೊಟ್ಟೆ ಪುಡಿ ಮಾಡಿ ಕೊಟ್ಟರೆ ಸಾಲುತ್ತದೆ. ನೀರಿನ ತಟ್ಟೆ ಆಳವಿರಬಾರದು, ಅದರ ತುಂಬ ಸಣ್ಣ ಕಲ್ಲು ಹರಡಿ, ಕಲ್ಲಿನ ಸಂದಿಯಿಂದ ಕುಡಿಯಲಿ. ಹೊಸ ಗಿನಿ ಮರಿ ಬೆರಳುದ್ದದ ನೀರಿನಲ್ಲೂ ಮುಳುಗುತ್ತದೆ, ಒದ್ದೆಯಾಗಿ ಚಳಿ ಹಿಡಿದರೂ ಉಳಿಯುವುದಿಲ್ಲ. ಆರಿದ್ರ ಮಳೆಯ ಹೊತ್ತಿಗೆ ಮರಿ ಬರುವುದರಿಂದ ಸೋರದ, ಬೆಚ್ಚಗಿನ ಮೂಲೆಯೊಂದನ್ನು ಈಗಲೇ ನೋಡಿಡಿ.